ಹೊರದಿಬ್ಬದ ಅಲೆ

ನವೆಂಬರ್ 12

ಮರೀ,

ಲಕೋಟೆ ದಪ್ಪಗಿದೆ ಅಂತ ಗಾಬರಿಯಾಗಬೇಡ. ನನ್ನ ಮೈ ನೆಟ್ಟಗಿದೆ, ಹೊಲಿಗೆ ಯಂತ್ರವೂ ನೆಟ್ಟಗಿದೆ, ಕಿವಿ ಮಾತ್ರ ಯಥಾಪ್ರಕಾರ ರಜೆಯಲ್ಲಿದೆ. ಫೋನ್ ಮಾಡು ಅಂತ ನೀನು ಬರೆದಿದ್ದೆ. ಮಾಡಿ ಏನು ಪ್ರಯೋಜನ? ನೀನು “ಊಟ ಆಯ್ತಾ” ಅಂದರೆ ನನಗೆ “ಓಟ ಹೋಯ್ತಾ” ಅಂತ ಕೇಳಿಸುತ್ತೆ. ನಾನು “ಯಾರು ಓಡಿಹೋದರು?” ಅಂತೀನಿ. ನೀನು ಕಿರುಚುತ್ತೀಯ, ನಾನು ಕಿರುಚುತ್ತೀನಿ, ಕೆಳಮನೆಯವರು ಅಮ್ಮ ಮಗಳು ಜಗಳ ಆಡ್ತಿದ್ದಾರೆ ಅಂತ ಬಾಗಿಲು ತಟ್ಟುತ್ತಾರೆ. ಅದೂ ನನಗೆ ಕೇಳಿಸಲ್ಲ. ಪತ್ರವೇ ಇರಲಿ.

ವಿಷಯಕ್ಕೆ ಬರ್ತೀನಿ. ಅಲೆ ವಾಪಸ್ ಬಂದಿದೆ.

ಯಾವುದು ಅಂತ ಕೇಳಬೇಡ, ನಿನಗೆ ಗೊತ್ತು. ಕಳೆದ ತಿಂಗಳ ಬಿರುಗಾಳಿಗೆ ನೀರೊಳಗಿನ ಮರಳೆಲ್ಲ ಅದಲುಬದಲಾಗಿದೆ. ಅಂಟು ಅಲೆ ಸವಾರಿಯ ಬೋರ್ಡು ಮಾಡೋ ಹಳದಿ ಶೆಡ್ಡಿನ ಎದುರಿಗೆ, ದೂರದಲ್ಲಿ, ಆ ಚಳಿಗಾಲ ಇತ್ತಲ್ಲ ಮರಳಿನ ಹೊರದಿಬ್ಬ, ಅದು ಅದೇ ಜಾಗದಲ್ಲಿ ಎದ್ದು ಕೂತಿದೆ. ನಿನ್ನಣ್ಣ ಅಲ್ಲೇ ತೀರಿಹೋದ ಮೇಲೆ ಆ ವರ್ಷದ ಬೇಸಿಗೆಗೇ ಅದು ಕರಗಿಹೋಗಿತ್ತು. ಒಂಬತ್ತು ವರ್ಷ ಇಲ್ಲಿ ಮಕ್ಕಳು ಆಡೋ ಮುರುಕು ಅಲೆ ಬಿಟ್ಟರೆ ಏನೂ ಇರಲಿಲ್ಲ. ಈಗ ಮತ್ತೆ ಬಲದಿಂದ ಎಡಕ್ಕೆ, ಬಟ್ಟೆಯ ಥಾನು ಬಿಚ್ಚಿ ಮೇಜಿನ ಮೇಲೆ ಉರುಳಿಸಿದ ಹಾಗೆ, ಉದ್ದಕ್ಕೆ ಬಿಚ್ಚಿಕೊಳ್ಳುತ್ತೆ.

ನನಗೆ ಗೊತ್ತಾಗಿದ್ದು ಕಣ್ಣಿಂದಲ್ಲ, ಕಾಲಿಂದ. ದೋಣಿಗೆ ಹೊದಿಸೋ ಕ್ಯಾನ್ವಾಸು ಕತ್ತರಿಸ್ತಿದ್ದೆ. ಅಂಗಾಲಿನಲ್ಲಿ ಧಡ್ ಅಂತು. ಸ್ವಲ್ಪ ಬಿಟ್ಟು ಮತ್ತೆ ಧಡ್. ಮೇಜಿನ ಮೇಲಿದ್ದ ಕತ್ತರಿ ತಾನೇ ಜರುಗಿತು. ಕಿಟಕಿಗೆ ಹೋಗೋ ಮುಂಚೆಯೇ ನನಗೆ ಗೊತ್ತಿತ್ತು.

ಸಂಜೆ ಅಂಟು ಬಂದಿದ್ದ, ಬೋರ್ಡಿನ ಚೀಲಕ್ಕೆ ಅಳತೆ ಕೊಡೋಕೆ. ಈಗಲೂ ಮೈಯೆಲ್ಲ ರಾಳ ಅಂಟಿಸಿಕೊಂಡೇ ಓಡಾಡ್ತಾನೆ, ಹೆಸರಿಗೆ ಮೋಸ ಇಲ್ಲ. “ನೋಡಿದಿರಾ ಅಮ್ಮಾ?” ಅಂದ. ಹೂಂ ಅಂದೆ. ಅಣ್ಣನ ಜೊತೆ ಬೆಳೆದವನು, ಕಿಟಕಿಗೆ ಬೆನ್ನು ಹಾಕಿಯೇ ಅಳತೆ ಹೇಳಿ ಹೋದ.

ನಿನಗೆ ಹೇಳಬೇಕೋ ಬೇಡವೋ ಅಂತ ಒದ್ದಾಡಿದೆ. ನಾವಿಬ್ಬರೂ ಆ ವಿಷಯ ಮಾತಾಡೋದಿಲ್ಲ. ಆದರೆ ಆ ಅಲೆಯನ್ನ ನನಗಿಂತ ಚೆನ್ನಾಗಿ ಬಲ್ಲವಳು ನೀನೊಬ್ಬಳೇ.

ನಿನ್ನ ಅಮ್ಮ

*

ನವೆಂಬರ್ 26

ಅಮ್ಮಾ,

ಅದು ಮರಳು. ಬರೀ ಮರಳು. ಗಾಳಿ ಒಂದು ಕಡೆ ಗುಡಿಸುತ್ತೆ, ಇನ್ನೊಂದು ಕಡೆ ರಾಶಿ ಹಾಕುತ್ತೆ. ಅಲ್ಲಿ ದಿಬ್ಬ ಎದ್ದರೆ ಅಲ್ಲಿ ಅಲೆ ಒಡೆಯುತ್ತೆ. ಅದಕ್ಕೆ ನೆನಪು ಇಲ್ಲ, ವಾಪಸ್ ಬರೋದು ಅಂತಲೂ ಇಲ್ಲ.

ಕತ್ತರಿಸೋ ಮೇಜನ್ನ ಹಿಂದಿನ ಕೋಣೆಗೆ ಹಾಕಿಸಿಕೋ. ಅಂಟು ಅಣ್ಣ ಬಂದು ಸರಿಸಿಕೊಡ್ತಾನೆ. ಅಲ್ಲಿ ಬೆಳಕು ಕಡಿಮೆ ಅಂತ ನೀನು ಗೊಣಗ್ತೀಯ, ಒಂದು ಟ್ಯೂಬ್‌ಲೈಟ್ ಹಾಕಿಸು.

ಇಲ್ಲಿ ಆಸ್ಪತ್ರೆಯಲ್ಲಿ ಕೆಲಸ ಮೈತುಂಬ ಇದೆ. ನನ್ನ ಕೋಣೆ ನಿನಗೆ ಗೊತ್ತಲ್ಲ, ಹೋದ ಸಲ ನೀನು ಬಂದಾಗ ಅಲ್ಲೇ ಕೂರಿಸಿ ನಿನ್ನ ಕಿವಿ ಪರೀಕ್ಷೆ ಮಾಡಿದ್ದೆ. ದಪ್ಪ ಬಾಗಿಲು, ಗೋಡೆಗೆಲ್ಲ ಸ್ಪಂಜು. ಜನ ಒಳಗೆ ಕೂತು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಸದ್ದು ಕೇಳಿಸಿದಾಗ ಗುಂಡಿ ಒತ್ತಬೇಕು. ನಿನ್ನೆ ಒಬ್ಬ ತಾತ ನಾನು ಸದ್ದು ಕೊಡದಿದ್ದಾಗಲೂ ಒತ್ತುತ್ತಾ ಇದ್ದ. “ಏನು ಕೇಳಿಸ್ತು ತಾತ?” ಅಂದರೆ, “ಹೆಂಡತಿ ಕೂಗಿದಳು” ಅಂದ. ಹೆಂಡತಿ ತೀರಿಹೋಗಿ ಎಷ್ಟೋ ವರ್ಷ ಆಗಿದೆಯಂತೆ. ಇಂಥದ್ದು ದಿನಾ ನೋಡ್ತೀನಿ ಅಮ್ಮ. ಕೇಳಿಸೋದು ಕಡಿಮೆಯಾದರೆ ತಲೆಯೇ ಸದ್ದು ಹುಟ್ಟಿಸಿಕೊಳ್ಳುತ್ತೆ.

ಈ ಊರಲ್ಲಿ ಕಣ್ಣು ಹಾಯಿಸಿದಷ್ಟು ದೂರಕ್ಕೂ ನೀರಿಲ್ಲ. ಒಂದು ಕಾರಂಜಿ ಇದೆ, ಅದೂ ಕೆಟ್ಟಿದೆ. ನನಗೆ ಅದೇ ಹಾಯಾಗಿದೆ.

ಮೇಜಿನ ವಿಷಯ ಮರೀಬೇಡ.

ನಿನ್ನ ಮರಿ

*

ಡಿಸೆಂಬರ್ 15

ಮರೀ,

ಮೇಜು ಸರಿಸಲಿಲ್ಲ. ಬದಲಿಗೆ ನಾನೇ ಸರಿದೆ. ಸಮುದ್ರದ ಹತ್ತಿರಕ್ಕೆ.

ಬೈಯೋದಾದರೆ ಪೂರ್ತಿ ಓದಿ ಬೈ. ಒಂದು ಮುಂಜಾನೆ ಸುಮ್ಮನೆ ನೋಡಿ ಬರೋಣ ಅಂತ ಮರಳಿಗೆ ಇಳಿದೆ. ಗಾಳಿ ದಡದಿಂದ ಹೊರಕ್ಕೆ ಬೀಸ್ತಿತ್ತು, ಅಲೆಯ ನೆತ್ತಿಯಿಂದ ಹನಿ ಹಿಂದಕ್ಕೆ ಹಾರ್ತಿತ್ತು. ಹೊರದಿಬ್ಬದ ಮೇಲೆ ಯಾರೂ ಇರಲಿಲ್ಲ. ನಾಲ್ಕಾರು ಹುಡುಗರು ಬೋರ್ಡಿಗೆ ಮೇಣ ತಿಕ್ಕುತ್ತಾ ದಡದಲ್ಲೇ ಇದ್ದರು.

ಆಗ ಶಿಳ್ಳೆ ಕೇಳಿಸಿತು.

ನನಗೆ, ಮರೀ. ಬಾಗಿಲ ಗಂಟೆ ಕೇಳಿಸದವಳಿಗೆ. ನೀರು ಕುದಿದು ಪಾತ್ರೆ ಸೀದು ಮನೆಯೆಲ್ಲ ಹೊಗೆಯಾದ ಮೇಲೆ ಎದ್ದು ಹೋಗೋವಳಿಗೆ. ಹುಡುಗರಲ್ಲಿ ಒಬ್ಬನೂ ತಲೆ ಎತ್ತಲಿಲ್ಲ. ನಾಯಿಯೊಂದು ಪಕ್ಕದಲ್ಲೇ ಮಲಗಿತ್ತು, ಅದರ ಕಿವಿಯೂ ಅಲ್ಲಾಡಲಿಲ್ಲ. ನನಗೆ ಮಾತ್ರ, ಹೊರದಿಬ್ಬದ ಕಡೆಯಿಂದ, ಸ್ಪಷ್ಟವಾಗಿ.

ನಿನ್ನಣ್ಣ ಮೆಟ್ಟಿಲ ಕೆಳಗೆ ನಿಂತು ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹಾಕ್ತಿದ್ದ, ನೆನಪಿದೆಯಾ? ಬೀಗದ ಕೈ ತಗೊಂಡು ಹೋದ ಹುಡುಗನೇ ಅಲ್ಲ ಅವನು. ಆ ಸದ್ದು ಒಂದೇ ನನ್ನ ಕಿವಿಗೆ ತೂರ್ತಿದ್ದದ್ದು. ಕೇಳಿದ ತಕ್ಷಣ ಎಂಥ ಹೊಲಿಗೆ ಇದ್ದರೂ ಬಿಟ್ಟು ಹೋಗಿ ಬಾಗಿಲು ತೆಗೀತಿದ್ದೆ.

ಈಗ ಇನ್ನೊಂದು. ಕೂತು ಓದು. ನಾನು ಬೋರ್ಡಿನ ಮೇಲೆ ಅಲೆ ಸವಾರಿ ಕಲೀತಿದ್ದೀನಿ.

ಅಂಟು ಕಲಿಸ್ತಿದ್ದಾನೆ. ಅವನನ್ನ ಬೈಬೇಡ. ಆಗಲ್ಲ ಅಂದ, ಬೇಡ ಅಂದ, ಕೈ ಮುಗಿದ. ನೀನು ಕಲಿಸದಿದ್ದರೆ ನಾನೇ ಇಳೀತೀನಿ ಅಂದ ಮೇಲೆ ಬಾಯಿ ಮುಚ್ಚಿದ. ರಬ್ಬರ್ ಸೂಟಿನೊಳಗೆ ನನ್ನನ್ನ ತುಂಬಿಸೋದು ಒಂದು ದೊಡ್ಡ ಕಾರ್ಯಕ್ರಮ, ಸಣ್ಣ ಗವಸಿಗೆ ದೊಡ್ಡ ದಿಂಬು ತುರುಕಿದ ಹಾಗೆ. ಅಣ್ಣನ ಬೋರ್ಡನ್ನೇ ತಗೊಂಡೆ. ಅವತ್ತು ತಾನಾಗಿ ದಡಕ್ಕೆ ಬಂದಿದ್ದು ಅದೊಂದೇ ಅಲ್ಲವಾ? ಬೀರುವಿನ ಮೇಲೆ ಇಷ್ಟು ವರ್ಷ ಮಲಗಿತ್ತು. ಅಂಟು ಅದರ ಅಡಿಯ ಮುರಿದ ರೆಕ್ಕೆ ಬದಲಾಯಿಸಿ, ಬೋರ್ಡು ತಪ್ಪಿಸಿಕೊಳ್ಳದಿರಲಿ ಅಂತ ಕಾಲಿಗೆ ಹೊಸ ಹಗ್ಗ ಕಟ್ಟಿಕೊಟ್ಟ.

ಸದ್ಯಕ್ಕೆ ಸೊಂಟದುದ್ದ ನೀರಿನಲ್ಲಿ, ಹೊಟ್ಟೆ ಮೇಲೆ ಮಲಗಿ, ನೊರೆಯ ಜೊತೆ ದಡಕ್ಕೆ ಜಾರ್ತೀನಿ. ಮೂಗಿಗೆ, ಬಾಯಿಗೆ, ಎಲ್ಲೆಲ್ಲಿಗೋ ಮರಳು. ಮೊನ್ನೆ ಒಂದು ಗಳಿಗೆ ಮಂಡಿಯೂರಿ ಎದ್ದೆ. ದಡದಲ್ಲಿದ್ದ ಹುಡುಗರು ಚಪ್ಪಾಳೆ ಹೊಡೆದರಂತೆ. ನನಗೇನು ಕೇಳಿಸುತ್ತೆ!

ನಿನ್ನ ಅಮ್ಮ

*

ಡಿಸೆಂಬರ್ 27

ಅಮ್ಮಾ,

ನಿನಗೆ ಬುದ್ಧಿ ಕೆಟ್ಟಿದೆ. ಇದಕ್ಕಿಂತ ನಯವಾಗಿ ಹೇಳೋಕೆ ಮೂರು ಹಾಳೆ ಹರಿದು ಹಾಕಿದೆ, ಆಗಲಿಲ್ಲ.

ನಿನ್ನ ಪರೀಕ್ಷೆಯ ಫಲಿತಾಂಶ ನನ್ನ ಹತ್ತಿರ ಇದೆ. ಬಲಗಿವಿಯಲ್ಲಿ ಎತ್ತರದ ಸ್ವರ ಒಂದೂ ಉಳಿದಿಲ್ಲ. ಎಡಗಿವಿಯಲ್ಲಿ ಅಷ್ಟೋ ಇಷ್ಟೋ. ಅಲೆಯ ಮೊರೆತದ ಮೇಲೆ, ಗಾಳಿ ದಡದಿಂದ ಹೊರಕ್ಕೆ ಬೀಸುವಾಗ, ಅಷ್ಟು ದೂರದ ಶಿಳ್ಳೆ ಒಳ್ಳೆಯ ಕಿವಿ ಇರೋ ನನಗೂ ಕೇಳಿಸಲ್ಲ. ನೀನು ಕೇಳಿದ್ದು ನಿನ್ನ ತಲೆಯೊಳಗಿನದು. ಆ ತಾತನ ಕಥೆ ಬರೆದಿದ್ದೆನಲ್ಲ, ಇದೂ ಅದೇ.

ದಡದ ನೊರೆಯಲ್ಲಿ ಆಡೋದಾದರೆ ಆಡು. ಒಳಗೆ ಹೋಗಬೇಡ. ಹೊರದಿಬ್ಬದ ಮೇಲೆ ನೀರು ಆಳ ಇರೋ ಹಾಗೆ ಕಾಣುತ್ತೆ, ಇರಲ್ಲ. ಅಲೆ ಒಡೆಯೋ ಕ್ಷಣದಲ್ಲಿ ಕೆಳಗಿನ ನೀರನ್ನೆಲ್ಲ ಹೀರಿಕೊಂಡು ಮರಳು ಬತ್ತಲಾಗುತ್ತೆ. ಬಿದ್ದರೆ ಸಿಮೆಂಟಿನ ಮೇಲೆ ಬಿದ್ದ ಹಾಗೆ.

ನಾನು ಬಂದು ನಿನ್ನನ್ನ ತಡೀಬೇಕು. ಬರೋಕಾಗಲ್ಲ. ಯಾಕೆ ಅಂತ ನೀನು ಯಾವತ್ತೂ ಕೇಳಿಲ್ಲ, ಈಗಲೂ ಕೇಳಬೇಡ.

ಮರಿ

*

ಜನವರಿ 18

ಮರೀ,

ನಿನ್ನ ಪತ್ರ ಓದಿ ಮೂರು ದಿನ ಮುಖ ಊದಿಸಿಕೊಂಡಿದ್ದೆ. ಮುಖ ಊದಿಸಿಕೊಂಡಿದ್ದೀನಿ ಅಂತ ನೋಡೋಕೆ ಮನೆಯಲ್ಲಿ ಯಾರೂ ಇಲ್ಲ. ಆಮೇಲೆ ಬೇಜಾರಾಗಿ ಬಿಟ್ಟೆ.

ನೀನು ಹೇಳಿದ್ದು ಸರಿ ಇರಬಹುದು. ನನ್ನ ತಲೆಯೊಳಗಿನದೇ ಇರಬಹುದು. ಆದರೆ ಒಂದು ಪ್ರಶ್ನೆ, ಓದಿದವಳು ನೀನು, ಉತ್ತರ ಹೇಳು. ತಲೆ ತನಗೆ ಗೊತ್ತಿಲ್ಲದ ಸದ್ದನ್ನ ಹುಟ್ಟಿಸುತ್ತಾ?

ಯಾಕೆ ಕೇಳ್ತೀನಿ ಅಂದರೆ, ಇದು ಮೆಟ್ಟಿಲ ಕೆಳಗಿನ ಶಿಳ್ಳೆ ಅಲ್ಲ. ಮೊದಲ ಸಲ ಗಾಬರಿಯಲ್ಲಿ ಅದೇ ಅಂದುಕೊಂಡೆ. ಈಗ ನಾಲ್ಕಾರು ಸಲ ಕೇಳಿದ್ದೀನಿ. ಬಾಗಿಲಿಗೆ ಅವನು ಹಾಕ್ತಿದ್ದದ್ದು ಚುಟುಕಾಗಿ, ಎರಡು ಸಲ, ಕುಯ್ ಕುಯ್ ಅಂತ. ಇದು ಒಂದೇ. ಉದ್ದ. ಮೇಲಿಂದ ಶುರುವಾಗಿ ಕೊನೆಗೆ ಜಾರಿ ಕೆಳಗೆ ಇಳಿಯುತ್ತೆ, ಗಟ್ಟಿ ಬಟ್ಟೆಯನ್ನ ನಿಧಾನವಾಗಿ ಹರಿದ ಹಾಗೆ. ಇಳಿದು ಇನ್ನೇನು ಮುಗೀತು ಅನ್ನೋವಾಗ ತುದಿಯಲ್ಲಿ ಚೂರು ತಡೆದು ನಿಲ್ಲುತ್ತೆ. ಇಂಥ ಶಿಳ್ಳೆ ಅವನು ಹಾಕಿದ್ದನ್ನ ನಾನು ಜನ್ಮದಲ್ಲಿ ಕೇಳಿಲ್ಲ. ಆದರೆ ಹಾಕ್ತಿರೋದು ಅವನೇ. ಅದರಲ್ಲಿ ನನಗೆ ಅನುಮಾನ ಇಲ್ಲ.

ನಾನು ಒಳಗೆ ಹೋದಷ್ಟೂ ಅದು ಜೋರಾಗುತ್ತೆ. ಎದೆಯುದ್ದ ನೀರಿನಲ್ಲಿ ಒಂದು ಸಲ. ದಡದ ಹತ್ತಿರದ ಒಳದಿಬ್ಬ ದಾಟಿದಾಗ ಎರಡು ಸಲ. ಅವನು ಕರೀತಿದ್ದಾನೆ. ಇಷ್ಟು ದೂರ ಬಂದವಳು ಇನ್ನು ಸ್ವಲ್ಪ ಬಾ ಅಂತ.

ಅಂಟು ಚೆನ್ನಾಗಿ ಕಲಿಸಿದ್ದಾನೆ. ತೋಳಿಗೆ ಬಲ ಬಂದಿದೆ. ಕ್ಯಾನ್ವಾಸು ಎಳೆದೆಳೆದು ಮೊದಲೇ ಇತ್ತು ಅನ್ನು. ನೀರು ಎಲ್ಲಿಂದ ಹೊರಕ್ಕೆ ಹರಿಯುತ್ತೆ, ಎಲ್ಲಿ ಅಲೆ ಒಡೆಯಲ್ಲ, ಆ ದಾರಿ ಯಾವುದು ಅಂತ ತೋರಿಸಿಕೊಟ್ಟಿದ್ದಾನೆ. ಮುಂದಿನ ವಾರದ ಕೊನೆಗೆ ದೊಡ್ಡ ಅಲೆ ಬರುತ್ತಂತೆ, ಎಲ್ಲೋ ದೂರದ ಬಿರುಗಾಳಿಯದು. ಅದಾದ ಮೇಲೆ ದಿಬ್ಬ ಉಳಿಯುತ್ತೋ ಇಲ್ಲವೋ ಗೊತ್ತಿಲ್ಲ ಅಂದ.

ಹಾಗಾದರೆ ಅಷ್ಟರೊಳಗೆ ಹೋಗಿಬರಬೇಕು.

ಅಮ್ಮ

*

ಜನವರಿ 24

ಅಮ್ಮಾ, ಅಮ್ಮಾ,

ನಿನ್ನ ಪತ್ರ ಮೊನ್ನೆ ಸಿಕ್ಕಿತು. ಕೆಲಸದ ಮಧ್ಯೆ ಓದಿದೆ. ಒಳಗೆ ಒಬ್ಬ ಹೆಂಗಸು ಕಿವಿಗೆ ಹಾಕಿಕೊಂಡು ಸದ್ದಿಗೆ ಕಾಯ್ತಾ ಕೂತಿದ್ದಳು. ನಾನು ಕೊಡೋದನ್ನೇ ಮರೆತೆ.

ಅಂಟು ಅಣ್ಣನಿಗೆ ಫೋನ್ ಮಾಡಿದ್ದೀನಿ. ಬೋರ್ಡಿಗೆ ಸರಪಳಿ ಹಾಕಿ ಬೀಗ ಹಾಕ್ತೀನಿ ಅಂತ ಮಾತು ಕೊಟ್ಟಿದ್ದಾನೆ. ಯಾಕೆ ಅಂತ ಅವನಿಗೆ ಹೇಳಿಲ್ಲ. ನಿನಗೆ ಹೇಳ್ತೀನಿ.

ಆ ಶಿಳ್ಳೆ ನನಗೆ ಗೊತ್ತು.

ನೀರಿನ ಮೇಲೆ ಬೋರ್ಡಿನಲ್ಲಿ ಕೂತಾಗ ಮಾತು ಕೇಳಿಸಲ್ಲ ಅಂತ ನಾನೂ ಅಣ್ಣನೂ ಶಿಳ್ಳೆಯ ಗುರುತು ಮಾಡಿಕೊಂಡಿದ್ದೆವು. ನಮ್ಮಿಬ್ಬರ ಮಧ್ಯೆಯೇ. ಅಂಟು ಅಣ್ಣನಿಗೂ ಗೊತ್ತಿಲ್ಲ. ಮೇಲಕ್ಕೆ ಏರೋ ಶಿಳ್ಳೆ ಅಂದರೆ “ಈ ಅಲೆ ನಿಂದು, ಹೋಗು”. ನೀನು ಬರೆದಿರೋದು ಇನ್ನೊಂದು. ಉದ್ದ, ಜಾರಿ ಕೆಳಗೆ ಇಳಿಯೋದು, ತುದಿಯಲ್ಲಿ ತಡೆಯೋದು. ಅವನ ಮುಂದಿನ ಹಲ್ಲು ಚೂರು ಮುರಿದಿತ್ತಲ್ಲ, ಅದಕ್ಕೇ ಆ ತಡೆ. ನನಗೆ ಎಷ್ಟು ಪ್ರಯತ್ನಪಟ್ಟರೂ ಅದು ಬರ್ತಿರಲಿಲ್ಲ, ಅವನು ನಗ್ತಿದ್ದ.

ಅದರ ಅರ್ಥ ಬಾ ಅಂತ ಅಲ್ಲ ಅಮ್ಮ. “ದಡಕ್ಕೆ ಹೋಗು” ಅಂತ. ತಮಾಷೆಗೆ ಅವನು ಅದನ್ನ ಬಳಸ್ತಿರಲಿಲ್ಲ. ಕೇಳಿಸಿದರೆ ಎದುರು ಮಾತಾಡೋ ಹಾಗಿಲ್ಲ, ಹಿಂದೆ ನೋಡೋ ಹಾಗಿಲ್ಲ, ಬೋರ್ಡು ತಿರುಗಿಸಿ ಸೀದಾ ದಡಕ್ಕೆ.

ಅವನ ಕೊನೆಯ ದಿನ ನಾನು ಕೇಳಿದ್ದು ಅದನ್ನೇ. ದಡಕ್ಕೆ ಬಂದೆ. ಬಂದು ತಿರುಗಿ ನೋಡಿದೆ.

ಅವತ್ತಿನಿಂದ ಆ ಶಿಳ್ಳೆ ಭೂಮಿಯ ಮೇಲೆ ನನ್ನ ತಲೆಯಲ್ಲಿ ಬಿಟ್ಟರೆ ಎಲ್ಲೂ ಇರಲಿಲ್ಲ. ನಿನಗೆ ಹೇಗೆ ಕೇಳಿಸಿತು ಅಂತ ನಾನು ಓದಿದ ಯಾವ ಪುಸ್ತಕದಲ್ಲೂ ಇಲ್ಲ.

ನೀನು ಒಳಗೆ ಹೋದಷ್ಟೂ ಜೋರಾಗೋದು ಕರೆಯೋಕಲ್ಲ, ಓಡಿಸೋಕೆ. ಹೋಗಬೇಡ. ನಿನ್ನೆ ರಜೆ ಹಾಕಿ ರೈಲು ನಿಲ್ದಾಣದವರೆಗೂ ಹೋಗಿದ್ದೆ. ಫಲಕದಲ್ಲಿ ನಮ್ಮೂರಿನ ಹೆಸರು ನೋಡಿ ಕಾಲು ಮುಂದೆ ಬರಲಿಲ್ಲ. ಬೆಂಚಿನ ಮೇಲೆ ಕೂತಿದ್ದು ವಾಪಸ್ ಬಂದೆ. ನಾಳೆ ಮತ್ತೆ ಹೋಗ್ತೀನಿ. ಅಷ್ಟರಲ್ಲಿ ಈ ಪತ್ರ ತಲುಪಲಿ.

ನಿನ್ನ ಮರಿ

*

ಜನವರಿ 30

ತಂಗೀ,

ನಿನ್ನ ಅಂಟು ಅಣ್ಣ ಬರೀತಿರೋದು. ಫೋನಿನಲ್ಲಿ ಅರ್ಧ ಹೇಳಿದೆ, ಇನ್ನರ್ಧ ಇಲ್ಲಿದೆ. ನನಗೆ ಬರೆದು ಅಭ್ಯಾಸ ಇಲ್ಲ, ಬೋರ್ಡಿನ ಮೇಲೆ ಪೆನ್ಸಿಲಿನಿಂದ ಗೆರೆ ಎಳೆಯೋದು ಬಿಟ್ಟರೆ.

ಅಮ್ಮ ಚೆನ್ನಾಗಿದ್ದಾರೆ. ಎಡಗಡೆ ಕುತ್ತಿಗೆಯ ಕೆಳಗಿನ ಮೂಳೆ ಮುರಿದಿದೆ. ವಾರ್ಡಿನಲ್ಲಿ ಪರದೆಯ ಹೊಲಿಗೆ ಸರಿಯಿಲ್ಲ ಅಂತ ನರ್ಸಿನ ಜೊತೆ ಜಗಳ ಆಡ್ತಿದ್ದಾರೆ, ಅಂದಮೇಲೆ ಯೋಚನೆ ಇಲ್ಲ. ನೀನು ನಿಲ್ದಾಣದಲ್ಲೇ ಎರಡನೇ ಸಲವೂ ನಿಂತುಬಿಟ್ಟೆ ಅಂದೆಯಲ್ಲ, ಅದಕ್ಕೆ ಅಳಬೇಡ. ಬಂದಿದ್ದರೂ ತಡೆಯೋಕಾಗ್ತಿರಲಿಲ್ಲ.

ಕೊಟ್ಟ ಮಾತಿನಂತೆ ಬೋರ್ಡಿಗೆ ಬೀಗ ಹಾಕಿದ್ದೆ. ದೊಡ್ಡ ಅಲೆಯ ದಿನ ಮುಂಜಾನೆ ಶೆಡ್ಡಿಗೆ ಬಂದರೆ ಮಕ್ಕಳ ಕ್ಲಾಸಿನ ನೀಲಿ ಸ್ಪಂಜು ಬೋರ್ಡು ಒಂದು ಕಮ್ಮಿ. ಹೊರಗೆ ಬಂದು ನೋಡ್ತೀನಿ, ಅಮ್ಮ ಆಗಲೇ ನೀರಲ್ಲಿದ್ದಾರೆ. ಹೊರಕ್ಕೆ ಹರಿಯೋ ಸೆಳೆತ ಶತ್ರು ಅಲ್ಲ, ಬಸ್ಸು ಇದ್ದ ಹಾಗೆ, ಹತ್ತೋದು ಇಳಿಯೋದು ಗೊತ್ತಿರಬೇಕು ಅಷ್ಟೇ ಅಂತ ನಾನೇ ಪಾಠ ಮಾಡಿದ್ದೆ. ಅಮ್ಮ ಬಸ್ಸು ಹತ್ತಿ ಸೀದಾ ಹೊರದಿಬ್ಬದ ಆಚೆಗೆ ಹೋಗಿದ್ದರು. ಬಿಳಿ ತಲೆಯೊಂದು ಅಲೆ ಅಲೆಗೂ ಏಳ್ತಿತ್ತು, ಮುಳುಗ್ತಿತ್ತು.

ನಾನು ಹಿಂದೆ ಬಿದ್ದೆ. ಒಳದಿಬ್ಬದ ನೊರೆ ನನ್ನನ್ನ ಎತ್ತಿ ಎತ್ತಿ ಹಿಂದಕ್ಕೆ ಎಸೀತು. ಇಪ್ಪತ್ತು ವರ್ಷದಿಂದ ಇದೇ ನೀರಿನಲ್ಲಿದ್ದೀನಿ, ಅವತ್ತು ನನ್ನನ್ನ ಒಳಗೆ ಬಿಡಲಿಲ್ಲ. ಎದೆ ಒಡೆಯೋ ಹಾಗೆ ಕೂಗಿದೆ. ಅವರಿಗೆಲ್ಲಿ ಕೇಳಿಸುತ್ತೆ.

ಆಗ ಅಮ್ಮ ತಟ್ಟನೆ ಬಲಗಡೆ ತಿರುಗಿದರು. ಯಾರೋ ಪಕ್ಕದಲ್ಲೇ ಮಾತಾಡಿಸಿದ ಹಾಗೆ. ಆಮೇಲೆ ಬೋರ್ಡು ದಡಕ್ಕೆ ತಿರುಗಿಸಿ, ಹೊಟ್ಟೆಯ ಮೇಲೆ ಮಲಗಿ, ಎರಡೂ ಕೈಯಿಂದ ನೀರು ಬಾಚೋಕೆ ಶುರು ಮಾಡಿದರು. ಒಂದು ಸಲವೂ ಹಿಂದೆ ನೋಡಲಿಲ್ಲ. ಅವರ ಬೆನ್ನ ಹಿಂದೆ ಏನಿದೆ ಅಂತ ನಾನು ನೋಡಿದೆ. ದಿಗಂತವೇ ಕಪ್ಪಾಗಿ ಎದ್ದಿತ್ತು. ಮೊದಲನೇ ಅಲೆಯ ನೊರೆ ಅಮ್ಮನನ್ನ ಎತ್ತಿಕೊಂಡು ಬಂತು. ಎರಡನೆಯದು ಇಡೀ ಹೊರದಿಬ್ಬದ ಮೇಲೆ, ಈ ತುದಿಯಿಂದ ಆ ತುದಿವರೆಗೆ, ಒಂದೇ ಏಟಿಗೆ ಮುಚ್ಚಿಕೊಂಡಿತು. ಅವರು ಕೂತಿದ್ದ ಜಾಗದಲ್ಲಿ ಮರಳು ಕಾಣ್ತಿತ್ತು ತಂಗಿ. ಬತ್ತಲೆ ಮರಳು.

ದಡದ ಹತ್ತಿರ ಕೊನೆಯ ಅಲೆ ಅವರನ್ನ ನೆಲಕ್ಕೆ ಕುಕ್ಕಿತು, ಮೂಳೆ ಮುರಿದಿದ್ದು ಅಲ್ಲಿ. ನಾನು ಎಳೆದುಕೊಂಡಾಗ ನಗ್ತಿದ್ದರೋ ಅಳ್ತಿದ್ದರೋ ಗೊತ್ತಾಗಲಿಲ್ಲ. “ಅವನು ಬೈದುಬಿಟ್ಟ ಕಣೋ ಅಂಟು, ನನಗೇ ಬೈದುಬಿಟ್ಟ” ಅಂತಿದ್ದರು.

ನಿನ್ನ ಪತ್ರ ಮೆಟ್ಟಿಲ ಕೆಳಗಿನ ಡಬ್ಬಿಯಲ್ಲಿ ಬಿದ್ದಿತ್ತು. ಬಿಚ್ಚಿರಲಿಲ್ಲ. ನಾನೇ ಆಸ್ಪತ್ರೆಗೆ ತಗೊಂಡು ಹೋಗಿ ಕೊಟ್ಟೆ. ಅಮ್ಮ ಓದಿ ನನ್ನ ಕೈಗೂ ಕೊಟ್ಟರು.

ನನಗೆ ಶಿಳ್ಳೆ ಕೇಳಿಸಲಿಲ್ಲ. ಕೇಳಿಸಿತು ಅಂದರೆ ನಿಮ್ಮಿಬ್ಬರಿಗೂ ಸಮಾಧಾನ ಆಗುತ್ತೇನೋ, ಆದರೆ ಕೇಳಿಸಲಿಲ್ಲ. ಅಮ್ಮ ತಿರುಗಿದ ಕಡೆ ನಾನೂ ನೋಡಿದ್ದೆ. ಸುತ್ತ ನೀರೆಲ್ಲ ಕುದೀತಿತ್ತು. ಅಲ್ಲಿ ಒಂದಿಷ್ಟು ಜಾಗ ಮಾತ್ರ ನಯವಾಗಿ, ಅಲುಗದೆ ಇತ್ತು. ಅಷ್ಟೇ. ನೋಡಿದ್ದನ್ನ ಹೇಳಿದ್ದೀನಿ.

ಅಂಟು

*

ಫೆಬ್ರವರಿ 9

ಮರೀ,

ಒಂದೇ ಕೈಯಲ್ಲಿ ಬರೀತಿದ್ದೀನಿ, ಹಾಳೆ ಜಾರದಿರಲಿ ಅಂತ ಅದರ ಮೇಲೆ ಔಷಧಿ ಬಾಟಲಿ ಇಟ್ಟುಕೊಂಡು. ಮನೆಗೆ ಬಂದೆ. ಅಂಟುವಿನ ಹೆಂಡತಿ ಊಟ ತಂದುಕೊಡ್ತಾಳೆ. ಅವಳ ಮುಂದೆ ಗಂಡನನ್ನ ಹೊಗಳಿದರೆ ಉಪ್ಪು ಜಾಸ್ತಿ ಹಾಕ್ತಾಳೆ, ಅದಕ್ಕೆ ಬೈದುಕೊಂಡೇ ತಿಂತೀನಿ.

ಸುಳ್ಳು ಹೇಳಲ್ಲ. ಅವತ್ತು ವಾಪಸ್ ಬರಬೇಕು ಅಂತ ಹೋಗಿರಲಿಲ್ಲ. ಸಾಯಬೇಕು ಅಂತಲೂ ಹೋಗಿರಲಿಲ್ಲ. ಬಾಗಿಲು ತೆಗೆಯೋಕೆ ಎದ್ದು ಹೋದ ಹಾಗೆ ಹೋದೆ. ಆಮೇಲೆ ಏನು ಅಂತ ಬಾಗಿಲು ತೆಗೆಯೋವಾಗ ಯಾರು ಯೋಚಿಸ್ತಾರೆ?

ಹೊರದಿಬ್ಬ ದಾಟಿದ ಮೇಲೆ ಅಲ್ಲಿ ಎಷ್ಟು ನಿಶ್ಶಬ್ದ ಅಂತ ನಿನಗೆ ಗೊತ್ತಿರಬೇಕು. ನನಗೆ ಎಲ್ಲ ಕಡೆಯೂ ನಿಶ್ಶಬ್ದವೇ. ಆದರೆ ಅಲ್ಲಿ ಅಂಗಾಲಿನಲ್ಲೂ ಸದ್ದಿಲ್ಲ, ಕಾಲ ಕೆಳಗೆ ನೆಲವೇ ಇಲ್ಲವಲ್ಲ. ಬೋರ್ಡಿನ ಮೇಲೆ ಕೂತೆ. ಬಂದಿದ್ದೀನಿ ಕಣೋ ಅಂದೆ.

ಕೇಳಿಸಿತು. ಬಲಗಿವಿಯಲ್ಲಿ. ನೀನು ಸತ್ತಿದೆ ಅಂತ ಬರೆದ ಕಿವಿಯಲ್ಲಿ. ಕೈ ಚಾಚಿದರೆ ಸಿಗೋಷ್ಟು ಹತ್ತಿರ.

ಕರೆಯೋನು ಹಾಗೆ ಶಿಳ್ಳೆ ಹಾಕಲ್ಲ ಮರೀ. ಅಷ್ಟು ಹತ್ತಿರದಿಂದ ಕೇಳಿದರೆ ಗೊತ್ತಾಗುತ್ತೆ. ನಾನು ಸ್ಟೂಲಿನ ಮೇಲೆ ಹತ್ತಿ ಬಟ್ಟೆಯ ದೊಡ್ಡ ಸುರುಳಿ ಇಳಿಸ್ತಿದ್ದರೆ ಅವನು ಬಾಗಿಲಲ್ಲಿ ನಿಂತು “ಇಳೀತೀಯೋ ಇಲ್ಲವೋ” ಅಂತ ಹಲ್ಲು ಕಚ್ಚಿ ಅಂತಿದ್ದನಲ್ಲ, ಆ ಕೋಪ ಅದು. ಹೆದರಿಕೆಗೆ ಬರೋ ಕೋಪ. ನಿಮ್ಮ ಶಿಳ್ಳೆಯ ಗುರುತು ನನಗೆ ಬೇಕಾಗಲಿಲ್ಲ, ನಿನ್ನ ಪತ್ರವೂ ಬೇಕಾಗಲಿಲ್ಲ. ಬದುಕಿದ್ದಾಗ ಒಂದು ದಿನವೂ ಅವನು ಹೇಳಿದ ಮಾತು ಕೇಳದವಳು ಅವತ್ತು ಕೇಳಿದೆ.

ನಿನ್ನ ಪತ್ರ ಆಮೇಲೆ ಓದಿದೆ. ಎಷ್ಟು ಸಲ ಅಂತ ಹೇಳಲ್ಲ.

ಆ ದೊಡ್ಡ ಅಲೆಗಳ ಜೊತೆ ದಿಬ್ಬ ಹೋಯ್ತು. ಕಿಟಕಿಯಿಂದ ನೋಡ್ತೀನಿ, ಸಮುದ್ರ ಇಸ್ತ್ರಿ ಹಾಕಿದ ಹಾಗಿದೆ. ನೆಲ ಅಲುಗಲ್ಲ, ಕತ್ತರಿ ಇಟ್ಟಲ್ಲೇ ಇರುತ್ತೆ. ಕೈಗೆ ಪಟ್ಟಿ ಕಟ್ಟಿಕೊಂಡೇ ಮರಳಿನವರೆಗೂ ಹೋಗಿ ನಿಂತೆ. ಏನೂ ಇಲ್ಲ. ಮೊದಲನೇ ಸಲ ಅವನು ಹೋದಾಗ ಯಾರನ್ನಾದರೂ ಬೈಯಬಹುದಿತ್ತು. ಈ ಸಲ ಅವನು ಹೇಳಿದ ಹಾಗೆ ಮಾಡಿಯೇ ಅವನನ್ನ ಕಳೆದುಕೊಂಡೆ.

ಬಾ. ನನ್ನನ್ನ ನೋಡಿಕೊಳ್ಳೋಕಲ್ಲ, ಅದಕ್ಕೆ ಜನ ಇದ್ದಾರೆ. ಅವತ್ತು ಏನಾಯ್ತು ಅಂತ ನಾನು ನಿನ್ನನ್ನ ಕೇಳಲಿಲ್ಲ. ಪೊಲೀಸರು ಕೇಳಿದರು, ಪತ್ರಿಕೆಯವರು ಕೇಳಿದರು. ಈಗ ನಾನು ಕೇಳ್ತಿದ್ದೀನಿ. ಕಾಗದದಲ್ಲಿ ಬೇಡ. ಬಂದು ಹೇಳು.

ನಿನ್ನ ಅಮ್ಮ

*

ಮಾರ್ಚ್ 21

ಅಮ್ಮಾ,

ನಿನ್ನ ಹತ್ತಿರ ಬಂದುಹೋಗಿ ವಾಪಸ್ ಇಲ್ಲಿಗೆ ತಲುಪಿದೆ. ಗಂಟಲು ಇನ್ನೂ ಸರಿಹೋಗಿಲ್ಲ. ಕೆಲಸದಲ್ಲಿ ಎಲ್ಲರೂ ಶೀತವಾ ಅಂತ ಕೇಳಿದರು, ಹೂಂ ಅಂದೆ.

ಅಣ್ಣ ಹೋದ ಆ ಒಂದು ದಿನವನ್ನ ಯಾರಿಗಾದರೂ ಹೇಳಿದರೆ ಪಿಸುಮಾತಿನಲ್ಲಿ ಹೇಳ್ತೀನಿ ಅಂದುಕೊಂಡಿದ್ದೆ. ನಿನ್ನ ಎಡಗಿವಿಗೆ ಬಾಯಿಟ್ಟು, ಬಯಲು ಮರಳಿನಲ್ಲಿ ನಿಂತು, ಕೂಗಿ ಕೂಗಿ ಹೇಳಬೇಕಾಯ್ತು. “ತಲೆ ಮೊದಲು ಬಿದ್ದ!” ಅಂತ. “ಏನು?” ಅಂದೆ ನೀನು. “ತಲೆ! ತಲೆ ಮೊದಲು!” ನಾಯಿ ಸುತ್ತಾಡಿಸೋಕೆ ಬಂದವರು ನಿಂತು ನೋಡಿದರು. ಒಬ್ಬ ಹೆಂಗಸು ಮಗುವಿನ ಕಿವಿ ಮುಚ್ಚಿದಳು. ಅಣ್ಣ ಇದ್ದಿದ್ದರೆ ಬಿದ್ದು ಬಿದ್ದು ನಗ್ತಿದ್ದ. ಅದು ನಿನಗೂ ಅನ್ನಿಸಿತಲ್ಲ? ನಿನ್ನ ತುಟಿ ನೋಡಿದೆ.

ಮರುದಿನ ನಾನು ನೀರಿಗಿಳಿದಾಗ ಏನಾಯ್ತು ಅಂತ ನೀನು ಕೇಳಿದೆ. ಹೇಳೋಕೆ ದನಿ ಉಳಿದಿರಲಿಲ್ಲ, ಈಗ ಬರೀತೀನಿ.

ಏನೂ ಆಗಲಿಲ್ಲ. ಸಣ್ಣ ಅಲೆ, ಮಕ್ಕಳ ಅಲೆ. ಒಳದಿಬ್ಬದ ಆಚೆ ಬೋರ್ಡಿನ ಮೇಲೆ ಕೂತೆ. ತೋಳು ಮರೆತಿರಲಿಲ್ಲ. ಒಂದೆರಡು ಅಲೆ ಹಿಡಿದೆ, ಎದ್ದು ನಿಂತೆ. ಆಮೇಲೆ ಮತ್ತೆ ಒಳಗೆ ಹೋಗಿ ಸುಮ್ಮನೆ ಕೂತೆ. ಕಾಯ್ತಾ ಇದ್ದೆ. ನಿನಗೆ ಕೇಳಿಸಿದ್ದು ನನಗೂ ಒಂದು ಸಲ ಕೇಳಿಸಲಿ ಅಂತ. ನನ್ನ ಕಿವಿ ಚೆನ್ನಾಗಿದೆ ಅಮ್ಮ, ಎಲ್ಲ ಸ್ವರವೂ ಇದೆ. ಏನೂ ಕೇಳಿಸಲಿಲ್ಲ. ಅವನು ನಿನಗೆ ಹೇಳಿದ, ನನಗೆ ಹೇಳಲಿಲ್ಲ. ಅಲ್ಲೇ ಕೂತು ಅತ್ತೆ. ಹೊಟ್ಟೆಕಿಚ್ಚು ಅಂದರೂ ಸರಿಯೇ.

ಬೆರಳು ಮರಗಟ್ಟಿತು. ಹೋಗು ಅನ್ನೋರು ಯಾರೂ ಇರಲಿಲ್ಲ. ಒಂಬತ್ತು ವರ್ಷದಿಂದ, ಅವನು ಹೋಗು ಅಂದಿದ್ದಕ್ಕೆ, ನಾನು ದಡದ ಕಡೆಗೇ ಹೋಗ್ತಾ ಇದ್ದೆ. ನೀರೇ ಇಲ್ಲದ ಊರಿನವರೆಗೂ ಹೋಗಿದ್ದೆ. ಅವತ್ತು ಚಳಿ ಆಯ್ತು, ಹಸಿವಾಯ್ತು, ಸಾಕು ಅನ್ನಿಸಿತು. ನಾನೇ ತಿರುಗಿದೆ.

ಮುಂದಿನ ತಿಂಗಳು ಎರಡು ದಿನ ರಜೆ ಇದೆ. ನಿನ್ನ ಮೂಳೆ ಕೂಡಿದ್ದರೆ ಇಬ್ಬರೂ ಒಟ್ಟಿಗೆ ನೀರಿಗಿಳಿಯೋಣ, ಡಾಕ್ಟರನ್ನ ಕೇಳು. ಸೊಂಟದುದ್ದ ನೀರು, ಅದಕ್ಕಿಂತ ಒಳಗೆ ಬಿಡಲ್ಲ.

ನಿನ್ನ ಮರಿ

*

ಏಪ್ರಿಲ್ 3

ಮರೀ,

ಡಾಕ್ಟರನ್ನ ಕೇಳಿದೆ. “ಈ ವಯಸ್ಸಿನಲ್ಲಿ ಯಾಕಮ್ಮ?” ಅಂದರು. ನನಗೆ ಕೇಳಿಸದ ಹಾಗೆ ನಟಿಸಿದೆ.

ನಿನ್ನ ಕಾಗದ ಓದಿದ ಮೇಲೆ ನಿನಗೊಂದು ಹೇಳಬೇಕು ಅನ್ನಿಸಿತು. ನೀನು ಕೂಗಿ ಹೇಳಿದ್ದರಲ್ಲಿ ಒಂದು ಮಾತು ನನ್ನನ್ನ ಬಿಡ್ತಿಲ್ಲ. ಅಣ್ಣ ಬಿದ್ದದ್ದಲ್ಲ. ಆಮೇಲೆ ಸಂಜೆವರೆಗೂ ನೀನು ಒದ್ದೆ ಬಟ್ಟೆಯಲ್ಲೇ ಹಳದಿ ಶೆಡ್ಡಿನ ಗೋಡೆಗೆ ಒರಗಿ ನಿಂತಿದ್ದೆ ಅಂದೆಯಲ್ಲ, ಅದು. ನೀನು ದಡದಲ್ಲಿದ್ದೆ ಅಂತ ನನಗೆ ನೆನಪೇ ಇಲ್ಲ. ಅವನನ್ನ ಹುಡುಕೋ ದೋಣಿಗಳು ನೆನಪಿವೆ, ಬೆಳಕು ಇಳಿದದ್ದು ನೆನಪಿದೆ, ನೀರಿನ ಬಣ್ಣ ನೆನಪಿದೆ. ಎಲ್ಲರೂ ಸಮುದ್ರದ ಕಡೆಗೇ ನೋಡ್ತಿದ್ದೆವು.

ಈಗಲೂ ಬೆಳಿಗ್ಗೆ ಎದ್ದ ತಕ್ಷಣ ಕಿಟಕಿಗೆ ಹೋಗ್ತೀನಿ. ಹೊರದಿಬ್ಬ ಇದ್ದ ಕಡೆಗೆ ನೋಡ್ತೀನಿ. ಆ ಅಭ್ಯಾಸ ಹೋಗಲ್ಲ, ಹೋಗಲಿ ಅಂತಲೂ ನನಗಿಲ್ಲ.

ಆದರೆ ನೀನು ನೀರಿಗಿಳಿದ ದಿನ ನಾನು ಆ ಕಡೆ ನೋಡಲಿಲ್ಲ. ಕೆಂಪು ಬೋರ್ಡಿನ ಮೇಲೆ ನೀನು ಕೂತಿದ್ದನ್ನ ನೋಡಿದೆ. ಅತ್ತಿದ್ದನ್ನ ನೋಡಿದೆ, ಅಷ್ಟು ದೂರಕ್ಕೂ ಹೆಗಲು ಕಾಣುತ್ತೆ. ತಿರುಗಿದ್ದನ್ನ ನೋಡಿದೆ. ಒಂದು ಅಲೆ ನಿನ್ನನ್ನ ಬೀಳಿಸಿತು, ಎದ್ದೆ. ಕೂದಲು ಹಿಂದಕ್ಕೆ ತಳ್ಳಿ ಬೋರ್ಡು ಕಂಕುಳಿಗೆ ಸಿಕ್ಕಿಸಿಕೊಂಡೆ. ಎದೆಯುದ್ದ, ಸೊಂಟದುದ್ದ, ಮೊಣಕಾಲುದ್ದ. ಮರಳಿನ ಮೇಲೆ ನಿನ್ನ ಎರಡು ಕಾಲೂ ಬರೋವರೆಗೆ ನಾನು ಕಣ್ಣು ತೆಗೆಯಲಿಲ್ಲ ಮರೀ.

ನಿನ್ನ ಅಮ್ಮ